ಕಾಮಾಕ್ಷಿಪಾಳ್ಯದ ದಕ್ಷಿಣ ಧ್ರುವ

ನಮ್ಮ ಎದುರು ಮನೆಯ ದಂಪತಿ ಅಂಟಾರ್ಕ್ಟಿಕಾಕ್ಕೆ ಹೋಗಿ ಬಂದದ್ದೇ ಬಂದದ್ದು, ಬಸವೇಶ್ವರನಗರದ ಪಾರ್ಕಿನ ಕಲ್ಲುಬೆಂಚು ಎರಡು ಪಕ್ಷವಾಯಿತು. ಕಾಶಿಗೆ ಹೋಗಿ ಬಂದವರು ಗಂಗೆಯ ಗಿಂಡಿ ಹಂಚುವ ಹಾಗೆ ಅವರು ಪೆಂಗ್ವಿನ್ ಫೋಟೊ ಹಂಚಿದರು. ನನಗೆ ಹಿಡಿಸಿದ್ದು ಫೋಟೊ ಅಲ್ಲ, ಚಿಮುಟದ ಕತೆ. ದಡಕ್ಕೆ ಇಳಿಸುವ ಮುಂಚೆ ಹಡಗಿನವರು ಎಲ್ಲರ ಬೂಟು ತೊಳೆಸಿ, ಜೇಬಿನ ಮೂಲೆಗೆಲ್ಲ ವ್ಯಾಕ್ಯೂಮ್ ಹಿಡಿದು, ಜಾಕೆಟ್ಟಿನ ವೆಲ್ಕ್ರೊದಲ್ಲಿ ಸಿಕ್ಕಿಕೊಂಡ ಹುಲ್ಲಿನ ಬೀಜವನ್ನು ಚಿಮುಟದಲ್ಲಿ ಕೀಳಿಸುತ್ತಾರಂತೆ. ನಮ್ಮೂರ ಗರಿಕೆ ಅಲ್ಲಿ ಮೊಳೆಯಬಾರದಲ್ಲ! ಒಂದು ಜಾಗದಲ್ಲಿ ಒಂದು ಹೊತ್ತಿಗೆ 100 ಜನರಿಗಿಂತ ಹೆಚ್ಚು ಇಳಿಯುವ ಹಾಗೂ ಇಲ್ಲ. ವಿಜಯನಗರ ಮೆಟ್ರೋ ನಿಲ್ದಾಣಕ್ಕೆ ಈ ನಿಯಮ ಯಾವಾಗ ಬರುತ್ತೋ.

"ಎಲ್ಲಾ ಕಂಪ್ಯೂಟರ್‌ನಲ್ಲಿ ಮಾಡಿದ್ದು," ಎಂದರು ರಾಯರು. ಅವರು ಮೂವತ್ತು ವರ್ಷ ಕೆಇಬಿಯಲ್ಲಿ ಲೆಕ್ಕಪತ್ರ ನೋಡಿದವರು, ವೋಚರ್ ಇಲ್ಲದೆ ಸೂರ್ಯೋದಯವನ್ನೂ ಒಪ್ಪುವವರಲ್ಲ. "ರಾತ್ರಿ ಹನ್ನೊಂದು ಗಂಟೆಗೆ ಪೇಪರ್ ಓದೋಷ್ಟು ಬೆಳಕಂತೆ! ಯಾರಿಗ್ರೀ ಕಿವೀಲಿ ಹೂವಿಡ್ತೀರಾ?"

ನಾನು ಆಸ್ತಿಕರ ಪಕ್ಷದ ವಕೀಲ. ಸಂಕ್ರಾಂತಿ ಬಂದರೆ ಎಳ್ಳು ಬೀರುತ್ತಾ, ನಮ್ಮ ಒಂದು ವರ್ಷ ದೇವತೆಗಳಿಗೆ ಒಂದು ದಿನ, ಉತ್ತರಾಯಣ ಹಗಲು, ದಕ್ಷಿಣಾಯನ ರಾತ್ರಿ ಎಂದು ಬೀದಿಗೆಲ್ಲ ಹೇಳುವವರು ಇದೇ ರಾಯರು. ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ ಅಂದರೆ ಧ್ರುವವಲ್ಲದೆ ಇನ್ಯಾವ ಊರು? ಇದನ್ನು ಹಿಡಿದೇ ತಿಲಕರು 1903ರಲ್ಲಿ ಆರ್ಯರ ಮೂಲಮನೆ ಉತ್ತರ ಧ್ರುವದ ಕಡೆ ಎಂದು ಒಂದು ಪುಸ್ತಕವನ್ನೇ ಬರೆದರು ಎಂದೆ. (ವಿದ್ವಾಂಸರು ಅದನ್ನು ಒಪ್ಪಲಿಲ್ಲ ಎಂಬುದನ್ನು ನುಂಗಿಕೊಂಡೆ. ವಕೀಲನಲ್ಲವೆ?)

ರಾಯರು ಕದಲಲಿಲ್ಲ. "ಅದು ದೇವತೆಗಳಿಗೆ ಕಣ್ರೀ. ಪ್ಯಾಕೇಜ್ ಟೂರ್‌ನವರಿಗಲ್ಲ."

ಹಾಗಾದರೆ 1981ರ ಡಿಸೆಂಬರ್‌ನಲ್ಲಿ ಗೋವಾದಿಂದ ಹೊರಟು ಮುಂದಿನ ಜನವರಿಯಲ್ಲಿ ಅಂಟಾರ್ಕ್ಟಿಕಾ ಮುಟ್ಟಿದ ನಮ್ಮ ದೇಶದ ಮೊದಲ ತಂಡ? ಮೈತ್ರಿ, ಭಾರತಿ ಎಂಬ ನೆಲೆಗಳು? ಅದನ್ನು ಮಾತ್ರ ರಾಯರು ತಕ್ಷಣ ಒಪ್ಪಿದರು. "ಸರ್ಕಾರದ್ದು. ಟಿಎ, ಡಿಎ ಬಿಲ್ ಇರುತ್ತೆ."

ನಮ್ಮ ಬೆಂಚಿನ ಮೇಷ್ಟ್ರದು ಮೂರನೇ ಪಕ್ಷ. "ಕರಗ್ತಾ ಇದೆ ಅಂತ ನೋಡೋಕೆ ವಿಮಾನ, ಹಡಗು ಹತ್ತಿ ಹೋಗಿ, ಇನ್ನಷ್ಟು ಕರಗಿಸಿ ಬರೋದು," ಎಂದರು. ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಮಾತು ತಿರುಗಿಸಲು ಡಾಕ್ಟರ್ ಫ್ರೆಡರಿಕ್ ಕುಕ್‌ನ ಕತೆ ತೆಗೆದೆ. ಅಲ್ಲೇ ನಾನು ಕೆಟ್ಟದ್ದು.

ಕುಕ್ 1908ರ ಏಪ್ರಿಲ್‌ನಲ್ಲೇ ಉತ್ತರ ಧ್ರುವ ಮುಟ್ಟಿದೆ ಎಂದ. ಪಿಯರಿ 1909ರ ಏಪ್ರಿಲ್‌ನಲ್ಲಿ ಮುಟ್ಟಿದ್ದು ನಾನೇ ಮೊದಲು ಎಂದ. ಒಂದೇ ವಾರದೊಳಗೆ ಇಬ್ಬರ ಸುದ್ದಿಯೂ ಪತ್ರಿಕೆಗೆ ಬಿತ್ತು. ದಾಖಲೆ ಎಲ್ಲಪ್ಪಾ ಅಂದರೆ ಕುಕ್, ಗ್ರೀನ್‌ಲ್ಯಾಂಡಿನಲ್ಲಿ ಒಬ್ಬ ಬೇಟೆಗಾರನ ಕೈಗೆ ಕೊಟ್ಟು ಬಂದಿದ್ದೇನೆ ಎಂದ. ಆ ಬೇಟೆಗಾರ ಊರಿಗೆ ವಾಪಸಾಗಲು ಹತ್ತಿದ್ದು ಪಿಯರಿಯ ಹಡಗು! ಕುಕ್‌ನ ಒಂದು ಸಾಮಾನೂ ನನ್ನ ಹಡಗು ಹತ್ತಕೂಡದು ಎಂದ ಪಿಯರಿ. ಪೆಟ್ಟಿಗೆ ಅಲ್ಲೇ ಬಂಡೆಗಳ ನಡುವೆ ಉಳಿಯಿತು. ಉಳಿದ ಕಾಗದ ನೋಡಿದ ಕೋಪನ್‌ಹೇಗನ್ ವಿಶ್ವವಿದ್ಯಾಲಯ, ಇದರಿಂದ ಏನೂ ಸಾಬೀತಾಗದು ಎಂದಿತು. ಪಿಯರಿಯ ಲೆಕ್ಕದ ಮೇಲೂ ಇವತ್ತಿಗೂ ಅನುಮಾನವಿದೆ. "ಸಾಕ್ಷಿ ಬಿಟ್ಟು ಬಂದನಂತೆ, ದಡ್ಡ!" ಎಂದು ನಾನು ತೊಡೆ ತಟ್ಟಿಕೊಂಡು ನಕ್ಕೆ.

"ನೀವು ಎಷ್ಟು ಹೊತ್ತು ನಿಲ್ತೀರಿ ಆ ಚಳೀಲಿ?" ಎಂದರು ರಾಯರು.

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರಂದು. ಆವತ್ತು ರಾಜಾಜಿನಗರವೂ ಇರಲಿಲ್ಲ, ನಮ್ಮ ತಾತನೂ ಇರಲಿಲ್ಲ. ನಾನು 16 ಡಿಗ್ರಿಗೇ ಮಫ್ಲರ್ ಹುಡುಕುವವನು. ಆದರೂ ಬಾಯಿ ಬಿಟ್ಟೆ. "ಕಾಲು ಗಂಟೆ. ಮೈನಸ್ ಇಪ್ಪತ್ತರಲ್ಲಿ." ಸೋತವರು ಬೆಂಚಿಗೆಲ್ಲ ತಿಂಡಿ ಕೊಡಿಸಬೇಕು.

ಕಾಮಾಕ್ಷಿಪಾಳ್ಯದಲ್ಲಿ ನನ್ನ ಷಡ್ಡಕನಿಗೆ ಗುರುತಿದ್ದವರ ಐಸ್‌ಕ್ರೀಮ್ ಗೋಡೌನ್ ಇದೆ. ಮೊಣಕಾಲು ನೋವು ಎಂದು ರಾಯರು ಬರಲಿಲ್ಲ, "ಸಾಕ್ಷಿ ತನ್ನಿ" ಎಂದಷ್ಟೇ ಹೇಳಿ ಕಳಿಸಿದರು. ಮಂಕಿಕ್ಯಾಪು, ಹೆಂಡತಿಯ ಸ್ವೆಟರು, ಎರಡು ಜೊತೆ ಕಾಲುಚೀಲ, ಅದರ ಮೇಲೆ ಹವಾಯಿ ಚಪ್ಪಲಿ. ಷಡ್ಡಕ ನಗಲಿಲ್ಲ, ಫೋಟೊ ತೆಗೆದ. ಗೋಡೌನಿನ ಹುಡುಗ ಬಾಗಿಲು ತೆಗೆದು, "ಅಂಕಲ್, ಆಮೇಲೆ..." ಎಂದು ಏನೋ ಹೇಳಲು ಬಂದ. ದಕ್ಷಿಣ ಧ್ರುವಕ್ಕೆ ಹೊರಟ ಅಮುಂಡ್‌ಸೆನ್‌ಗೆ ಯಾರಾದರೂ ದಾರಿ ಹೇಳಿದ್ದರೆ? ಕೈ ಎತ್ತಿ ಸುಮ್ಮನಿರಿಸಿ ಒಳಗೆ ಹೊಕ್ಕೆ.

ಮೊದಲ ಉಸಿರಿಗೇ ಮೂಗಿನೊಳಗಿನ ಕೂದಲು ಸೂಜಿಯಾಯಿತು. ಎರಡನೆಯದಕ್ಕೆ ಹಲ್ಲು ತಾಳ ಹಾಕಿತು. ಸಮಯ ನೋಡಲೆಂದು ಹಿಡಿದ ಫೋನು, ಅರ್ಧ ಚಾರ್ಜ್ ಇದ್ದದ್ದು, ಕಣ್ಣೆದುರೇ ಕಪ್ಪಾಯಿತು. ಚಳಿಗೆ ಬ್ಯಾಟರಿ ಕೈಕೊಡುತ್ತದೆ ಎಂದು ನಾನೇ ಬೆಂಚಿನ ಮೇಲೆ ಭಾಷಣ ಮಾಡಿದ್ದೆ. ಚಕ್ರವರ್ತಿ ಪೆಂಗ್ವಿನ್‌ಗಳು ಗುಂಪುಗೂಡಿ ಸರದಿಯ ಮೇಲೆ ಒಳಕ್ಕೆ ಸರಿದು ಬೆಚ್ಚಗಿರುತ್ತವಂತೆ. ನಾನೂ ಬಟರ್‌ಸ್ಕಾಚ್ ಡಬ್ಬಗಳ ನಡುವೆ ನುಸುಳಿದೆ. ಅವು ಸರದಿ ಬಿಟ್ಟುಕೊಡಲಿಲ್ಲ. ಸಾಕು ಎಂದು ಬಾಗಿಲ ಹಿಡಿ ಎಳೆದೆ. ಬರಲಿಲ್ಲ. ಎರಡೂ ಕೈಯಲ್ಲಿ ಎಳೆದೆ. ಕಾಲು ಗೋಡೆಗೆ ಕೊಟ್ಟು ಎಳೆದೆ. ರಾಘವೇಂದ್ರ ಸ್ವಾಮಿಗಳಿಗೆ ಹರಕೆ ಹೊತ್ತು, ಬಾಗಿಲು ಬಡಿದು ಬೊಬ್ಬೆ ಹೊಡೆದೆ.

ಹುಡುಗ ಹೊರಗಿನಿಂದ ತೆರೆದು ಹೇಳಿದ: "ಅದನ್ನೇ ಹೇಳಕ್ಕೆ ಬಂದೆ ಅಂಕಲ್. ತಳ್ಳಬೇಕು."

ಆಚೆಯ ಬಿಸಿಗೆ ಕನ್ನಡಕ ಮಂಜುಗಟ್ಟಿತು. ಗೆದ್ದ ಗತ್ತಿನಲ್ಲಿ ನಾಲ್ಕು ಹೆಜ್ಜೆ ಹಾಕಿ, ನೇರವಾಗಿ ಕೈಗಾಡಿಯ ಮೇಲೆ ಬಿದ್ದೆ.

ಮರುದಿನ ಬೆಂಚಿನಲ್ಲಿ "ಹದಿನೈದು ನಿಮಿಷ, ಜಾಸ್ತೀನೇ" ಎಂದೆ. ಸಾಕ್ಷಿ? ಫೋನ್ ಸತ್ತಿತ್ತು. ಷಡ್ಡಕ? ಟೀ ಕುಡಿಯಲು ಹೋಗಿದ್ದ. ರಾಯರು ಅವನಿಗೇ ಫೋನ್ ಹಚ್ಚಿ, ಅವನಿಂದ ಹುಡುಗನ ನಂಬರ್ ಇಸಕೊಂಡು, ಸ್ಪೀಕರ್‌ಗೆ ಹಾಕಿದರು. ಹುಡುಗ ಸುಳ್ಳು ಹೇಳುವವನಲ್ಲ. "ಆಟೋದಿಂದ ಎರಡು ಟ್ರೇ ಇಳಿಸಿದ್ದೆ ಸರ್, ಅಷ್ಟರಲ್ಲಿ ಬಡ್ಕೊಂಡ್ರು. ಮೂರು, ನಾಲ್ಕು ನಿಮಿಷ."

ಕುಕ್‌ನನ್ನು ಮನಸ್ಸಿನಲ್ಲೇ ಕ್ಷಮಿಸಿದೆ. ಅಮುಂಡ್‌ಸೆನ್ ಜಾಣ. 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವ ಮುಟ್ಟಿದವನು ಅಲ್ಲೊಂದು ಡೇರೆ ಹಾಕಿ, ನಾರ್ವೆಯ ರಾಜನಿಗೆ ಬರೆದ ಕಾಗದವನ್ನು ತಲುಪಿಸು ಎಂದು ಹಿಂದೆ ಬರುತ್ತಿದ್ದ ಸ್ಕಾಟ್‌ಗೇ ಚೀಟಿ ಇಟ್ಟು ಹೋದ. ಎದುರಾಳಿಯೇ ಸಾಕ್ಷಿಯಾದ. ನಾನೂ ರಾಯರನ್ನು ಆಟೋದಲ್ಲಿ ಹೊತ್ತುಕೊಂಡಾದರೂ ಹೋಗಬೇಕಿತ್ತು. ಆದರೆ ಆಗ ಅವರು ಹೇಳುತ್ತಿದ್ದುದೂ ನಾಲ್ಕೇ ನಿಮಿಷ.

ಹಾವನೂರು ಸರ್ಕಲ್ ಹತ್ತಿರದ ದರ್ಶಿನಿಯಲ್ಲಿ ಆರು ಕಾಫಿ, ನಾಲ್ಕು ಖಾಲಿ ದೋಸೆ, ಎರಡು ಇಡ್ಲಿ ವಡೆ. ದುಡ್ಡು ಕೊಟ್ಟವನು ನಾನು. ಬಿಲ್ ಇಸಕೊಂಡು ಮಡಿಸಿ ಜೇಬಿಗಿಟ್ಟುಕೊಂಡವರು ರಾಯರು.