ಎಲ್ಲಾ ಉಷ್ಣ ಕಣೆ!

ನಮ್ಮತ್ತೆಯ ವೈದ್ಯಶಾಸ್ತ್ರದಲ್ಲಿ ರೋಗಗಳು ಎರಡೇ: ಶೀತ, ಉಷ್ಣ. ಮೂಗು ಸೋರಿದರೆ ಶೀತ. ಮಿಕ್ಕಿದ್ದೆಲ್ಲಾ ಉಷ್ಣ. ಬಾಯಿಹುಣ್ಣು, ಕೂದಲು ಉದುರೋದು, ಮೊಮ್ಮಗಳ ಎದುರುತ್ತರ, ಕಡೆಗೆ ಮಾವನವರ ಸಿಟ್ಟೂ ಉಷ್ಣವೇ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿದಾಗಲೂ ಅವರ ಪ್ರಕಾರ ಅದು ಬಿಸಿಲಲ್ಲ, ಊರಿಗೇ ಉಷ್ಣ ಆಗಿದ್ದು.

ಹಾಗಾಗಿ ಈ ಬೇಸಿಗೆಯಲ್ಲಿ ನಾನು ಮುಖ ಕಿವುಚಿಕೊಂಡು ಬಚ್ಚಲಿಂದ ಹೊರಬಂದಾಗ ಅವರು ಏನೂ ಕೇಳಲಿಲ್ಲ. ಕಾಮಕಸ್ತೂರಿ ಬೀಜ ನೆನೆಹಾಕಿದರು. ಬೆಳಗ್ಗೆ ಬಾರ್ಲಿ ನೀರು, ಮಧ್ಯಾಹ್ನ ಎಳನೀರು, ರಾತ್ರಿ ಹೊಕ್ಕುಳಿಗೆ ಹರಳೆಣ್ಣೆ. ನೀರಿನಂಶ ಹೊಟ್ಟೆಗೆ ಹೋಗಿದ್ದೇನೋ ಒಳ್ಳೆಯದೇ. ಆದರೆ ಹೊಕ್ಕುಳಿನ ಹರಳೆಣ್ಣೆ ಯಾವ ದಾರಿ ಹಿಡಿದು ಮೂತ್ರಕೋಶ ತಲುಪುತ್ತದೋ, ಗೂಗಲ್ ಮ್ಯಾಪಿಗೂ ಗೊತ್ತಿಲ್ಲ.

ಎದುರುಮನೆಯವರ ತೀರ್ಪು ಬೇರೆ. "ಆ ಪೂಲ್ ನೀರೇ ರೀ. ನೂರು ಜನ ಇಳೀತಾರೆ, ನಿಮಗೂ ಅಂಟಿದೆ." ನಾನೂ ಮಗಳೂ ಯಲಹಂಕದ ಕಡೆ ಈಜು ಕಲಿಯೋಕೆ ಹೋಗೋದು ಇಡೀ ಆರ್.ಟಿ. ನಗರಕ್ಕೆ ಗೊತ್ತು. ನಲವತ್ತು ದಾಟಿದವಳಿಗೆ ಈಜು ಯಾಕೆ ಅನ್ನೋದು ಅವರ ನಿಜವಾದ ತಕರಾರು, ಅದು ಬೇರೆ ವಿಷಯ.

ಡಾಕ್ಟರಮ್ಮ ಮಾತ್ರ ಪೂಲಿನ ಸುದ್ದಿಯನ್ನೇ ಎತ್ತಲಿಲ್ಲ. "ಈಜಿದ ಮೇಲೆ ಒದ್ದೆ ಕಾಸ್ಟ್ಯೂಮಲ್ಲಿ ಎಷ್ಟು ಹೊತ್ತು ಇರ್ತೀರಿ?"

"ಹೆಬ್ಬಾಳ ದಾಟೋವರೆಗೂ, ಡಾಕ್ಟ್ರೇ."

ಅವರು ಪೆನ್ನು ಕೆಳಗಿಟ್ಟರು.

ನನ್ನ ತಪ್ಪೇನು ಹೇಳಿ? ಬಟ್ಟೆ ಬದಲಿಸೋ ಕೋಣೆ ಮುಂದೆ ರೇಷನ್ ಅಂಗಡಿಯ ಕ್ಯೂ. ಮನೆಗೆ ಹೋಗಿಯೇ ಸ್ನಾನ ಮಾಡಿದರಾಯಿತು ಅಂತ ಕಾಸ್ಟ್ಯೂಮಿನ ಮೇಲೇ ಲೆಗ್ಗಿಂಗ್ಸ್ ಏರಿಸಿ ಹೊರಡೋದು. ಎಸ್ಟೀಮ್ ಮಾಲ್ ಹತ್ತಿರ ಗಾಡಿ ನಿಲ್ಲುತ್ತದೆ. ನಿಂತೇ ಇರುತ್ತದೆ. ಮೇಲೆ ಬಿಸಿಲು, ಕೆಳಗೆ ಒದ್ದೆ ನೈಲಾನ್, ಜೊತೆಗೆ ಮನೆಗೆ ಹೋಗಿ ಮಾಡಿದರಾಯಿತು ಅಂತ ಹಿಡಿದಿಟ್ಟ ಮೂತ್ರ. ದೋಸೆ ಹಿಟ್ಟು ಹುದುಗೋಕೂ ಇದಕ್ಕಿಂತ ಪ್ರಶಸ್ತ ಜಾಗ ಬೇಡ.

ಕ್ಲೋರಿನ್ ಸರಿಯಾಗಿ ಹಾಕಿದ ಪೂಲು ಇಂಥದ್ದಕ್ಕೆ ಕಾರಣ ಆಗೋದು ಅಪರೂಪವಂತೆ. ಉರಿಮೂತ್ರ ತರೋದು ಬಹುಪಾಲು ಇ-ಕೋಲಿ, ನಮ್ಮದೇ ಕರುಳಿನ ಬಾಡಿಗೆದಾರ. ಗಂಡಸರ ಮೂತ್ರನಾಳ ಸುಮಾರು 20 ಸೆಂಟಿಮೀಟರ್, ನಮ್ಮದು ಸುಮಾರು 4. ಅವರಲ್ಲಿ ಅದಕ್ಕೆ ಯಶವಂತಪುರದಿಂದ ಯಲಹಂಕದವರೆಗಿನ ಪ್ರಯಾಣ, ನಮ್ಮಲ್ಲಿ ಎದುರುಮನೆಗೆ ಹೋದ ಹಾಗೆ. ಅದಕ್ಕೇ ತೊಳೆಯೋದು ಮುಂದಿನಿಂದ ಹಿಂದಕ್ಕೆ. ತುರಿಕೆ, ಒಡೆದ ಹಾಲಿನಂಥ ಬಿಳುಪು ಇದ್ದರೆ ಬೂಷ್ಟಿನ ಜಾತಿಯ ಕ್ಯಾಂಡಿಡಾ. ಬಿಸಿ, ತೇವ ಎರಡೂ ಸಿಕ್ಕರೆ ಅದಕ್ಕೆ ಹಬ್ಬ. ಮೀನಿನ ವಾಸನೆ ಬಂದರೆ ಅದು ಮತ್ತೊಂದೇ ಕಥೆ. ಮೂರಕ್ಕೂ ಮದ್ದು ಬೇರೆಬೇರೆ. ಮೆಡಿಕಲ್ ಶಾಪಿನಲ್ಲಿ "ಹೋದ್ಸಲದ್ದೇ ಕೊಡಿ" ಅಂತ ಆ್ಯಂಟಿಬಯಾಟಿಕ್ ನುಂಗಿದರೆ ಉರಿ ಹೋಗಿ ತುರಿಕೆ ಬರೋದೂ ಉಂಟು.

ನಮ್ಮ ಮನೆಗಳಲ್ಲಿ ಇಂಥ ಸ್ರಾವಕ್ಕೆಲ್ಲ ಒಂದೇ ಹೆಸರು, ಬಿಳಿಸೆರಗು. ಹೆಸರಿಡುವಾಗಲೂ ಸೆರಗು ಹೊದಿಸಿಯೇ ಇಟ್ಟಿದ್ದಾರೆ. ಇನ್ನು ಟೀವಿ ಜಾಹೀರಾತಿನ ಘಮಘಮ ದ್ರಾವಣ: ನಾನೂ ಒಂದು ಬಾಟ್ಲಿ ತಂದಿದ್ದೆ. ಯೋನಿಯ ಒಳಗೆ 3.8ರಿಂದ 4.5ರ ಪಿಎಚ್‌ನಲ್ಲಿ, ಮೊಸರಿನ ನೆಂಟ ಲ್ಯಾಕ್ಟೋಬ್ಯಾಸಿಲಸ್ ಹುಳಿ ಕಾಯ್ದುಕೊಂಡು ಕಾವಲು ಕೂತಿರುತ್ತದಂತೆ. ನಾನು ಹೋಗಿ ಕಾವಲುಗಾರನಿಗೇ ಸೋಪು ಹಾಕಿದ್ದೆ. ಹೊರಗೆ ಬರೀ ನೀರು ಸಾಕು, ಒಳಗೆ ಏನೂ ಬೇಡ.

ಪೂಲಿಗೂ ಒಂದು ಮಾತು ಸಲ್ಲಬೇಕು. ಮೂಗಿಗೆ ಅಡರೋ ಆ ಘಾಟನ್ನು ನಾನು ಸ್ವಚ್ಛತೆಯ ಗುರುತು ಅಂದುಕೊಂಡಿದ್ದೆ. ಕ್ಲೋರಿನ್ನಿಗೆ ನಮ್ಮ ಬೆವರು, ಮೂತ್ರ ಸೇರಿ ಆಗೋ ಕ್ಲೋರಮೈನ್ ಅದು. 2024ರ ಮಾರ್ಚಿನ ಬರದಲ್ಲಿ ಪೂಲಿಗೆ ಕುಡಿಯುವ ನೀರು ಬಿಟ್ಟರೆ 5,000 ರೂಪಾಯಿ ದಂಡ ಅಂದಿತ್ತು ಜಲಮಂಡಳಿ. ನಾವು ಬಿಡೋದಕ್ಕೆ ದಂಡ ಇಲ್ಲ.

ಮನೆಗೆ ಬಂದು ವರದಿ ಒಪ್ಪಿಸಿದೆ. ಒದ್ದೆ ಬಟ್ಟೆ ಅಂದಾಗ ಅತ್ತೆ ಕೆರಳಿದರು. "ಮೂವತ್ತು ವರ್ಷ ಒದ್ದೆ ಸೀರೇಲೇ ಮಡಿಯಡುಗೆ ಮಾಡಿದೀನಿ, ಏನಾಗಿದೆ ನಂಗೆ?" ಆಮೇಲೆ ದನಿ ಇಳಿಸಿ, "ಈಚೆಗೆ ಮಾತ್ರ ಆಗಾಗ ಉರಿ ಕಣೆ. ಎರಡು ವರ್ಷ ಆಯ್ತು" ಅಂದರು.

ಎರಡು ವರ್ಷ! ಬಾರ್ಲಿ ನೀರಿನ ಮೇಲೆ! ಮಾರನೇ ದಿನವೇ ಕರೆದುಕೊಂಡು ಹೋದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಇದು ಮರುಕಳಿಸೋದು ಮಾಮೂಲಿ, ಅದಕ್ಕೂ ಔಷಧಿ ಇದೆ ಅಂದರು ಡಾಕ್ಟರಮ್ಮ. ಮೊದಲು ಮೂತ್ರ ಪರೀಕ್ಷೆ ಬರೆದರು. ಚಳಿಜ್ವರ, ಬೆನ್ನುನೋವು, ಮೂತ್ರದಲ್ಲಿ ರಕ್ತ ಕಂಡರೆ ಕಾಮಕಸ್ತೂರಿ ನೆನೆಹಾಕುತ್ತ ಕೂರಬೇಡಿ, ಓಡಿಬನ್ನಿ ಅಂತಲೂ ಹೇಳಿದರು.

ಕಳೆದ ಭಾನುವಾರ ಅತ್ತೆಯೂ ಪೂಲಿಗೆ ಬಂದರು, ಮೇಲ್ವಿಚಾರಣೆಗೆ. ಮಕ್ಕಳನ್ನೆಲ್ಲಾ ಸಾಲಾಗಿ ನಿಲ್ಲಿಸಿ "ಹೋಗ್ಬಂದ್ರೇನ್ರೋ ಎಲ್ಲಾ?" ಅಂತ ಕೇಳಿಯೇ ನೀರಿಗೆ ಬಿಟ್ಟರು. ನಾನು ಮೇಲೆ ಬಂದ ತಕ್ಷಣ ಒಣ ಟವೆಲ್ಲು, ಹತ್ತಿಯ ಒಳಉಡುಪು ಕೈಗಿತ್ತು ಕ್ಯೂಗೆ ದಬ್ಬಿದರು. ಒಣಗಿಕೊಂಡು, ಜಂಬದಿಂದ ಹೊರಟೆವು. ಹೆಬ್ಬಾಳದ ಫ್ಲೈಓವರ್ ಮೇಲೆ, ಸರಿಯಾಗಿ ನಡುಮಧ್ಯ, ಗಾಡಿಗಳೆಲ್ಲ ನಿಂತವು. ಅತ್ತೆ ಖಾಲಿ ನೀರಿನ ಬಾಟ್ಲಿ ಕೆಳಗಿಟ್ಟು ನನ್ನ ಭುಜ ತಟ್ಟಿದರು.

"ಹಿಡ್ಕೊಂಡಿರಬಾರದು ಅಂದ್ರಲ್ವೇನೇ ಡಾಕ್ಟ್ರು? ಇಲ್ಲೇ ಎಲ್ಲಾದ್ರೂ ಸೈಡಿಗೆ ಹಾಕು."