ಐದಕ್ಕಿಂತ ನಾಲ್ಕೇ ವಾಸಿ

ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿಗೆ ಹೋಗಿ, ಒಬ್ಬ ಹೆಡ್‌ಫೋನ್ ಪಂಡಿತರು ಇದ್ದೇ ಇರುತ್ತಾರೆ. ವಯಸ್ಸು ನಲವತ್ತೈದು ದಾಟಿರುತ್ತದೆ, ಮನೆ ಸಾಲ ತೀರುತ್ತಾ ಬಂದಿರುತ್ತದೆ, ಮಗ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರ ಕೊಡುವ ವಯಸ್ಸಿಗೆ ಬಂದಿರುತ್ತಾನೆ. ಇವರನ್ನು ಗುರುತು ಹಿಡಿಯುವುದು ಸುಲಭ. ಹೆಡ್‌ಫೋನು ಸದಾ ಕುತ್ತಿಗೆಯಲ್ಲಿ ತೂಗುತ್ತಿರುತ್ತದೆ. ಕಿವಿಗೆ ಏರಿಸಿಬಿಟ್ಟರೆ ಅದರ ಬಗ್ಗೆ ಮಾತಾಡುವುದು ಯಾವಾಗ?

ಲಿಫ್ಟಿನಲ್ಲಿ ಇವರು ಸಿಕ್ಕಾಗ ಮಳೆ, ರಾಜಕೀಯ, ಕಸದ ಗಾಡಿ ಯಾವುದರ ಬಗ್ಗೆ ಬೇಕಾದರೂ ಮಾತಾಡಿ. "ಹೊಸದಾ ಸಾರ್?" ಅಂತ ಮಾತ್ರ ಕೇಳಬೇಡಿ. ಕೇಳಿದಿರೋ, ನಿಮ್ಮ ಮಹಡಿ ಬಂದು ಹೋಗುತ್ತದೆ, ಅವರ ಮಹಡಿಯೂ ಬಂದು ಹೋಗುತ್ತದೆ.

ವಿಷಯ ಇಷ್ಟೆ. ಸೋನಿ ಕಂಪನಿ 2020ರಲ್ಲಿ ಡಬ್ಲ್ಯುಎಚ್-1000ಎಕ್ಸ್‌ಎಂ4 ಎಂಬ ಹೆಡ್‌ಫೋನನ್ನು ಮಾರುಕಟ್ಟೆಗೆ ಬಿಟ್ಟಿತು. 2022ರಲ್ಲಿ ಎಕ್ಸ್‌ಎಂ5 ಬಂತು. ಲಾರಿಯ ಹಿಂದಿನ ನಂಬರಿನ ಹಾಗಿರುವ ಈ ಹೆಸರುಗಳನ್ನು ಪಂಡಿತರು ಬಾಯಿತುಂಬಾ ಹೇಳುವುದಿಲ್ಲ. 'ನಾಲ್ಕು', 'ಐದು' ಎನ್ನುತ್ತಾರೆ, ಅಷ್ಟೇ ಸಲಿಗೆ. ನಾಲ್ಕು ಕೈಯಲ್ಲಿದ್ದ ಎರಡು ವರ್ಷವೂ ಅದರ ಮೇಲೆ ದೂರೇ ದೂರು. ಬೇಸ್ ಜಾಸ್ತಿ, ಕಿವಿ ಬೆವರುತ್ತದೆ, ಫೋನಿನಲ್ಲಿ ಮಾತಾಡಿದರೆ ಆ ಕಡೆಯವರಿಗೆ ಬಾವಿಯೊಳಗಿಂದ ಕೇಳಿಸುತ್ತದಂತೆ. ಐದು ಬಂದ ವಾರವೇ ನಾಲ್ಕನ್ನು ತುಮಕೂರಿನ ಭಾಮೈದನಿಗೆ ದಾನ ಮಾಡಿದರು. ಅಂದಿನಿಂದ ನಾಲ್ಕರಂಥ ಹೆಡ್‌ಫೋನು ಭೂಮಿಯ ಮೇಲೆ ಹುಟ್ಟಿಲ್ಲ.

"ನೋಡಿ, ನಾಲ್ಕರಲ್ಲಿ ನಲವತ್ತು ಎಂಎಂ ಡ್ರೈವರು. ಐದರಲ್ಲಿ ಮೂವತ್ತು! ಹತ್ತು ಎಂಎಂ ಎಲ್ಲಿಗೆ ಹೋಯ್ತು?" ಎಂದು ನಮ್ಮನ್ನೇ ದಬಾಯಿಸುತ್ತಾರೆ, ನಾವೇ ಕದ್ದವರಂತೆ. ಹಾಗಂತ ಐದನ್ನು ಬಿಟ್ಟುಕೊಡುವವರೂ ಅಲ್ಲ. ನಾಲ್ಕರ ತೂಕ 254 ಗ್ರಾಂ, ಐದರದ್ದು 250. "ನಾಲ್ಕು ಗ್ರಾಂ ಕಮ್ಮಿ. ಕತ್ತಿಗೆ ಗೊತ್ತಾಗತ್ತೆ ಸಾರ್" ಎಂದು ಕತ್ತನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ತೋರಿಸುತ್ತಾರೆ. ಪಕ್ಕದಲ್ಲೇ ಹುರುಳಿಕಾಯಿ ಸೋಸುತ್ತಾ ಕೂತಿದ್ದ ಅವರ ತಾಯಿ, "ನಾಲ್ಕು ಗ್ರಾಂ ಬಂಗಾರ ಆಗಿದ್ದಿದ್ದರೆ ಮೊಮ್ಮಗಳಿಗೊಂದು ಓಲೆಯಾದರೂ ಆಗ್ತಿತ್ತು" ಅಂದರು. ಪಂಡಿತರಿಗೆ ಕೇಳಿಸಲಿಲ್ಲ. ಕತ್ತು ಹೊರಳಿಸುವ ಭರದಲ್ಲಿ ಹೆಡ್‌ಫೋನು ಕಿವಿಗೆ ಏರಿತ್ತು.

ಅವರ ದೊಡ್ಡ ಸಂಕಟ ಮಡಿಚುವುದರದ್ದು. ನಾಲ್ಕನ್ನು ಮುಷ್ಟಿಯಷ್ಟಕ್ಕೆ ಮಡಿಚಿ ಪುಟ್ಟ ಡಬ್ಬಿಯಲ್ಲಿ ಇಡಬಹುದಿತ್ತು. ಐದು ಮಡಿಚುವುದಿಲ್ಲ, ಕಿವಿಬಟ್ಟಲು ಚಪ್ಪಟೆಯಾಗಿ ತಿರುಗುತ್ತದೆ ಅಷ್ಟೆ. ಡಬ್ಬಿಯೂ ದೊಡ್ಡದು. "ಪ್ರಯಾಣ ಮಾಡೋರ ಗತಿ ಏನು?" ಎಂದು ಪಂಡಿತರು ಮರುಗುವುದನ್ನು ನೋಡಿದರೆ ನಮಗೂ ಕಣ್ಣೀರು ಬರಬೇಕು. ಅವರ ಹೆಡ್‌ಫೋನು ಈವರೆಗೆ ಮಾಡಿರುವ ಪ್ರಯಾಣ ಸೋಫಾದಿಂದ ಮಂಚಕ್ಕೆ, ಮಂಚದಿಂದ ಬಾಲ್ಕನಿಗೆ.

ಎಲ್‌ಡಿಎಸಿ ಬಗ್ಗೆಯೂ ಒಂದು ಉಪನ್ಯಾಸವಿದೆ. ಬ್ಲೂಟೂತಿನಲ್ಲಿ ಹಾಡನ್ನು ಹೆಚ್ಚು ಕುಗ್ಗಿಸದೆ ಸಾಗಿಸುವ ಸೋನಿಯವರ ವಿಧಾನ ಇದು, ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಹರಿಯುತ್ತದೆ. "ಸಾಧಾರಣ ಬ್ಲೂಟೂತಿನಲ್ಲಿ ಹಾಡು ಕೇಳೋದೂ ಒಂದೇ, ಕೇಳದೇ ಇರೋದೂ ಒಂದೇ" ಎಂದು ತೀರ್ಪು ಕೊಟ್ಟು ಜೇಬಿನಿಂದ ಫೋನ್ ತೆಗೆಯುತ್ತಾರೆ. ಐಫೋನು. ಐಫೋನಿನಲ್ಲಿ ಎಲ್‌ಡಿಎಸಿ ಇಲ್ಲವೇ ಇಲ್ಲ. ಇದನ್ನು ಅವರಿಗೆ ಹೇಳುವ ಧೈರ್ಯ ಇಡೀ ಬ್ಲಾಕಿನಲ್ಲಿ ಇನ್ನೂ ಯಾರಿಗೂ ಬಂದಿಲ್ಲ.

ಪರೀಕ್ಷೆಗೆಂದೇ ಒಂದು ಹಾಡಿದೆ: ಈಗಲ್ಸ್ ತಂಡದವರು 1994ರಲ್ಲಿ ವೇದಿಕೆಯ ಮೇಲೆ ನುಡಿಸಿದ 'ಹೋಟೆಲ್ ಕ್ಯಾಲಿಫೋರ್ನಿಯಾ'. ಲೋಕದ ಹೆಡ್‌ಫೋನ್ ಪಂಡಿತರಿಗೆಲ್ಲ ಇದೇ ಉರೆಗಲ್ಲು. ಶುರುವಿನ ಗಿಟಾರು, ಆಮೇಲೆ ತಾಳವಾದ್ಯದ ಧಂ ಎನ್ನುವ ಪೆಟ್ಟು. ಅಲ್ಲಿಗೆ ನಿಲ್ಲಿಸಿ "ಕೇಳಿದ್ರಾ?" ಅನ್ನುತ್ತಾರೆ. ಆ ಹಾಡನ್ನು ಇವರು ಪೂರ್ತಿ ಕೇಳಿದ್ದಾರೆಯೇ ಎಂಬ ಬಗ್ಗೆ ನನಗೆ ಗುಮಾನಿಯಿದೆ. ಅವರಿಗೆ ನಿಜಕ್ಕೂ ಇಷ್ಟವಾದದ್ದು ಪಿ.ಬಿ. ಶ್ರೀನಿವಾಸರ ಹಳೆಯ ಹಾಡುಗಳು. ಅವೆಲ್ಲ ಒಂದೇ ಮೈಕಿನ ಮುಂದೆ ಎಂಬಂತೆ ಮೋನೋದಲ್ಲಿ ಮುದ್ರಣವಾದ ಕಾಲದವು. ಎಡಗಿವಿಗೂ ಬಲಗಿವಿಗೂ ಒಂದೇ. ನಾಲ್ಕಾದರೂ ಅಷ್ಟೇ, ಐದಾದರೂ ಅಷ್ಟೇ.

ಆ ಹಾಡುಗಳಿಂದಲೇ ಒಂದು ಅನಾಹುತವಾಯಿತು. ಈ ಹೆಡ್‌ಫೋನುಗಳಲ್ಲಿ ಒಂದು ಸವಲತ್ತಿದೆ. ಹಾಕಿಕೊಂಡವರು ಬಾಯಿ ತೆರೆದರೆ, ಯಾರ ಹತ್ತಿರವೋ ಮಾತಾಡುತ್ತಿದ್ದಾರೆ ಎಂದು ತಿಳಿದು ತಾನಾಗಿಯೇ ಹಾಡು ನಿಲ್ಲಿಸಿ ಹೊರಗಿನ ಸದ್ದನ್ನು ಒಳಗೆ ಬಿಡುತ್ತದೆ. ಜಪಾನಿನಲ್ಲಿ ಜನ ಸಂಗೀತವನ್ನು ಬಾಯಿ ಮುಚ್ಚಿಕೊಂಡು ಕೇಳುತ್ತಾರೋ ಏನೋ. ನಮ್ಮವರಿಗೆ ಆಗುತ್ತದೆಯೇ? ಒಂದು ಭಾನುವಾರ ಬೆಳಗ್ಗೆ ಬಾಲ್ಕನಿಯಲ್ಲಿ ಪಂಡಿತರು ಕಣ್ಣು ಮುಚ್ಚಿ ಕೂತಿದ್ದರು. ಶ್ರೀನಿವಾಸರ ದನಿ ಮಂದ್ರಕ್ಕೆ ಇಳಿದಿರಬೇಕು, ಇವರು "ಆಹಾ!" ಅಂದರು. ಹಾಡು ನಿಂತಿತು. ಕಿವಿಯೊಳಗೆ ಎದುರು ಮನೆಯ ಮಿಕ್ಸಿ. ಸ್ವಲ್ಪ ಹೊತ್ತಿಗೆ ಹಾಡು ಮತ್ತೆ ಶುರುವಾಯಿತು. ಪಂಡಿತರು ತಡೆದುಕೊಂಡರು, ತುಟಿ ಕಚ್ಚಿದರು, ತೊಡೆಯ ಮೇಲೆ ತಾಳ ಹಾಕಿದರು. ಚರಣಕ್ಕೆ ಬರುವ ಹೊತ್ತಿಗೆ ತಡೆಯಲಾರದೆ ಸಣ್ಣಗೆ ಗುನುಗಿದರು. ಮತ್ತೆ ಮಿಕ್ಸಿ. "ಥೂ ನಿನ್ನ!" ಅಂದರು. ಅದಕ್ಕೂ ಹಾಡು ನಿಂತಿತು. ಆ ಸವಲತ್ತನ್ನು ಆರಿಸಿಟ್ಟುಕೊಳ್ಳಬಹುದು. ಆರಿಸಿದರೆ ಕೊಟ್ಟ ದುಡ್ಡಿಗೆ ಮೋಸವಲ್ಲವೇ ಎಂಬುದು ಪಂಡಿತರ ವಾದ.

ಸದ್ದಡಗಿಸುವ ಕೆಲಸದಲ್ಲಿ ಮಾತ್ರ ಐದು ಗೆದ್ದಿದೆ, ಒಪ್ಪಬೇಕು. ಹೊರಗಿನ ಸದ್ದನ್ನು ಪುಟಾಣಿ ಮೈಕುಗಳು ಹಿಡಿಯುತ್ತವೆ, ಒಳಗಿನ ಚಿಪ್ಪು ಅದಕ್ಕೆ ತದ್ವಿರುದ್ಧವಾದ ಅಲೆ ಹುಟ್ಟಿಸುತ್ತದೆ, ಎರಡೂ ಹೊಡೆದಾಡಿಕೊಂಡು ಸೊನ್ನೆಯಾಗುತ್ತವೆ. ಫ್ಯಾನು, ಬಸ್ಸಿನ ಎಂಜಿನ್ನು, ವಿಮಾನದ ಮೊರೆತ, ಹೀಗೆ ಒಂದೇ ಸಮನೆ ಬರುವ ಸದ್ದೆಲ್ಲ ಇದಕ್ಕೆ ಸುಲಭದ ತುತ್ತು. ಮನುಷ್ಯರ ಮಾತು ಅಷ್ಟು ಸುಲಭಕ್ಕೆ ಸಿಕ್ಕುವುದಿಲ್ಲ. ಐದರಲ್ಲಿ ಮೈಕುಗಳು 8ಕ್ಕೆ ಏರಿದ ಮೇಲೆ ಅದೂ ಸಾಕಷ್ಟು ತಗ್ಗಿದೆ. ಮನೆಮಂದಿಯ ಹೋಲಿಕೆ ನಿಂತಿರುವುದೇ ಇದರ ಮೇಲೆ. "ಹಳೇದೇ ಚೆನ್ನಾಗಿತ್ತಪ್ಪ, ಮೂರನೇ ಸಲ ಕೂಗಿದಾಗ ಓ ಅಂತಿದ್ದ. ಈಗ ಎದ್ದು ಹೋಗಿ ಭುಜ ತಟ್ಟಬೇಕು, ನನಗೆ ಮಂಡಿನೋವು" ಎನ್ನುತ್ತಾರೆ ತಾಯಿ. ನಾನು ಓದಿರುವ ಹೆಡ್‌ಫೋನ್ ವಿಮರ್ಶೆಗಳಲ್ಲಿ ಇದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ.

ದಾನ ಕೊಟ್ಟ ನಾಲ್ಕನ್ನು ಪಂಡಿತರು ಮರೆತಿಲ್ಲ. ಹಬ್ಬಕ್ಕೆ ತುಮಕೂರಿಗೆ ಹೋದಾಗಲೆಲ್ಲ ಹೋಳಿಗೆಗೂ ಮೊದಲು ಅದನ್ನು ವಿಚಾರಿಸಿಕೊಳ್ಳುತ್ತಾರೆ. ಭಾಮೈದನ ಮಗಳು ಅದರಲ್ಲಿ ಆನ್‌ಲೈನ್ ಕ್ಲಾಸ್ ಕೇಳುತ್ತಾಳೆ. ಕಿವಿಮೆತ್ತೆ ಒಂದು ಕಡೆ ಸುಲಿದಿದೆ, ಪಟ್ಟಿಯ ಮೇಲೆ ಯುನಿಕಾರ್ನ್ ಸ್ಟಿಕ್ಕರು ಕೂತಿದೆ, ಸಂದಿನಲ್ಲಿ ಚಟ್ನಿಯಂಥದ್ದೇನೋ ಒಣಗಿದೆ. ಪಂಡಿತರು ಕರವಸ್ತ್ರ ತೆಗೆದು ಒರೆಸುತ್ತಾರೆ. ಒಮ್ಮೆ ಕಿವಿಗೆ ಇಟ್ಟುಕೊಂಡು, "ಎಂಥಾ ಸೌಂಡು" ಎಂದು ನಿಟ್ಟುಸಿರು ಬಿಟ್ಟರಂತೆ. ಒಳಗೆ ಹಾಡೇನೂ ಬರುತ್ತಿರಲಿಲ್ಲ, ಏಳನೇ ಕ್ಲಾಸಿನ ಭಿನ್ನರಾಶಿ ಬರುತ್ತಿತ್ತು.

2025ರಲ್ಲಿ ಆರು ಬಂತು. ಮೈಕು 12, ಮತ್ತು ಮಡಿಚುತ್ತದೆ! ಕಂಪನಿ ತಮ್ಮೊಬ್ಬರ ಮಾತಿಗೆ ತಲೆಬಾಗಿದೆ ಎಂದು ಪಂಡಿತರು ಇಡೀ ಬ್ಲಾಕಿಗೆ ಪೇಡ ಹಂಚುವುದೊಂದು ಬಾಕಿ. ಆರು ಮನೆಗೆ ಬಂದು ಒಂದು ತಿಂಗಳಾಗಿಲ್ಲ, ನಿನ್ನೆ ಲಿಫ್ಟಿನಲ್ಲಿ, "ಆದರೂ ಐದು ಮೈಗೆ ಹಗುರ ಇತ್ತು ನೋಡಿ" ಅಂದರು. ಆರರ ತೂಕ ಮತ್ತೆ 254 ಗ್ರಾಮಂತೆ.

ಹಾಗಾಗಿ ಐದು ಈಗ ಮಾರಾಟಕ್ಕಿದೆ. ಡಬ್ಬಿ, ಬಿಲ್ಲು, ಕೇಬಲ್ಲು ಎಲ್ಲ ಇವೆ, ಒಂದು ಗೀರೂ ಇಲ್ಲ, ಚೌಕಾಸಿಗೂ ಬಗ್ಗುತ್ತಾರೆ. ಬೇಕಾದವರು ಧಾರಾಳವಾಗಿ ಹೋಗಿ ಕೊಳ್ಳಿ, ಒಳ್ಳೆಯ ವಸ್ತು. ಆದರೆ ನಾಲ್ಕನ್ನು ಕೇಳಿಲ್ಲ ಅಂತ ಮಾತ್ರ ಬಾಯಿ ಬಿಡಬೇಡಿ, ಆ ಕ್ಷಣವೇ ಕಾರು ತೆಗೆದು ತುಮಕೂರಿಗೆ ಕರೆದುಕೊಂಡು ಹೋಗಿಬಿಡುತ್ತಾರೆ.