ಬರೋರಿಗೊಂದು ದೀಪ

ಅಕ್ಕಾ, ಬೀಗರು ಬರೋ ಹೊತ್ತಿಗೆ ಮನೆ ಚೆಂದ ಕಾಣಬೇಕು, ಏನು ಮಾಡಲಿ ಅಂತ ಕೇಳಿದಿರಲ್ಲ, ನನಗೆ ತೋಚಿದ್ದನ್ನ ಹೇಳ್ತೀನಿ. ಪಿಒಪಿ ಚಾವಣಿ ಬೇಡ, ಬಣ್ಣ ಬದಲಾಯಿಸೋ ಲೈಟಿನ ಸರ ಬೇಡ, ಚಳ್ಳಕೆರೆ ಪೇಟೆಯಿಂದ ಪ್ಲಾಸ್ಟಿಕ್ ಹೂವೂ ಬೇಡ. ಕಣ್ಣಿಗೆ ಹಿತವಾದ ಬೆಳಕು, ಗುಡಿಸಿ ನೀರು ಹಾಕಿದ ಅಂಗಳ, ನಮ್ಮ ಸೀಮೆಯದೇ ಒಂದೆರಡು ವಸ್ತು, ಇಷ್ಟಿದ್ದರೆ ಸಾಕು.

ನಮ್ಮ ಜಟಿಂಗ ರಾಮೇಶ್ವರನ ಬೆಟ್ಟದ ಸುತ್ತಲಿನ ಹಳೇ ಮಾಳಿಗೆ ಮನೆಗಳನ್ನ ನೆನಪು ಮಾಡ್ಕೊಳ್ಳಿ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಕಿಟಕಿ ಕಡಿಮೆ. ಬಿಸಿಲ ಸೀಮೆ ಅಲ್ವಾ, ಹಂಗೆ ಕಟ್ಟಿದರೇನೇ ಒಳಗೆ ತಂಪು. ಹಗಲು ಗವಾಕ್ಷಿಯಿಂದ ಬೆಳಕು ಇಳೀತಿತ್ತು, ಸಂಜೆಗೆ ಗೋಡೆಯ ಗೂಡಲ್ಲಿ ದೀಪ. ಆ ಗೂಡನ್ನ ಹತ್ತಿರ ಹೋಗಿ ನೋಡಬೇಕು. ಮೇಲೆ ಸಣ್ಣ ಕಮಾನು, ಒಳಗೆಲ್ಲ ಸುಣ್ಣ. ಕಮಾನಿನ ನೆತ್ತಿಗೆ ಮಸಿ, ತಳಕ್ಕೆ ಎಣ್ಣೆ ಜಿಡ್ಡು. ಹಿಂದೆ, ಎಡಕ್ಕೆ, ಬಲಕ್ಕೆ ಗೋಡೆ ಇರೋದರಿಂದ ಗಾಳಿಗೆ ಕುಡಿ ಹೊಯ್ದಾಡಲ್ಲ. ಬಿಳೀ ಸುಣ್ಣ ಬೆಳಕನ್ನ ಪಡಸಾಲೆಗೆ ತಿರುಗಿಸುತ್ತೆ. ಹೊಂಗೆ ಎಣ್ಣೆಯೋ ಹರಳೆಣ್ಣೆಯೋ ಹಾಕಿದ ಒಂದೇ ಬತ್ತಿ, ಎದುರಿಗೆ ಕೂತವರ ಮುಖ ಕಾಣೋಕೆ ಅಷ್ಟು ಸಾಕಾಗ್ತಿತ್ತು.

ಆಮೇಲೆ ಸೀಮೆಎಣ್ಣೆ ಬುಡ್ಡಿ, ಲಾಟೀನು ಬಂದವು. ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೂ ಒಂದು ಬಲ್ಬು ಬಂತು, ಅದು ದೊಡ್ಡ ಉಪಕಾರವೇ. ಈಗ ಮನೆಮನೆಗೂ ಎಲ್ಇಡಿ. ಅದರ ಡಬ್ಬದ ಮೇಲೆ ಕೆಲ್ವಿನ್ ಅಂತ ಒಂದು ಅಂಕಿ ಬರೆದಿರ್ತಾರೆ, ಓದಿ ನೋಡಿ ಅಕ್ಕ. 6500 ಅಂದ್ರೆ ನೀಲಿ ಬೆರೆತ ಬಿಳಿ, 2700 ಅಂದ್ರೆ ಹಳೇ ತಂತಿ ಬಲ್ಬಿನ ಹೊಂಬಣ್ಣ. ಬಿಳಿ ಎಲ್ಇಡಿ ಒಳಗೆ ಮೊದಲು ಹುಟ್ಟೋದು ನೀಲಿ ಬೆಳಕೇ. ಮೇಲೆ ಬಳಿದ ಹಳದಿ ಲೇಪ ಅದರಲ್ಲಿ ಒಂದಷ್ಟನ್ನ ಹಳದಿಗೆ ತಿರುಗಿಸಿದಾಗ ಎರಡೂ ಸೇರಿ ನಮಗೆ ಬಿಳಿಯಾಗಿ ಕಾಣುತ್ತೆ. ಪಡಸಾಲೆಗೆ, ಜಗಲಿಗೆ ನೀವು ‘ವಾರ್ಮ್ ವೈಟ್’ ಕೊಡಿ ಅಂತ ಕೇಳಿ. ನೆತ್ತಿ ಮೇಲೆ ಒಂದು ದೊಡ್ಡ ಬಲ್ಬು ಉರಿಸೋ ಬದಲು ಎರಡು ಸಣ್ಣವನ್ನ ಕೆಳಗೆ, ಗೋಡೆಗೆ ಮುಖ ಮಾಡಿ ಹಾಕಿಸಿ. ಬೆಳಕು ಗೋಡೆಗೆ ಬಡಿದು ಬರಲಿ, ಕಣ್ಣಿಗೆ ನೇರ ಬೀಳೋದು ಬೇಡ.

ಎಲ್ಲಾ ಕಡೆಗೂ ಈ ಹೊಂಬಣ್ಣದ ಬೆಳಕು ಹೊಂದಲ್ಲ, ಅದನ್ನೂ ಹೇಳಬೇಕು. ಮೊಳಕಾಲ್ಮೂರಲ್ಲಿ ಗುಂಡಿಮಗ್ಗಕ್ಕೆ ಕಾಲಿಳಿಬಿಟ್ಟು ಕೂತು, ಹರಿದ ರೇಷ್ಮೆ ಎಳೆ ಹುಡುಕಿ ಗಂಟು ಹಾಕೋರಿಗೆ ಧಾರಾಳ ಬಿಳೀ ಬೆಳಕು ಬೇಕೇ ಬೇಕು. ಮಕ್ಕಳು ಓದೋ ಜಾಗಕ್ಕೆ, ಒಲೆ ಹತ್ತಿರಕ್ಕೂ ಅಷ್ಟೇ. ದುಡಿಯೋ ಬೆಳಕು ಬೇರೆ, ಕೂತು ಮಾತಾಡೋ ಬೆಳಕು ಬೇರೆ.

ಅಲಂಕಾರಕ್ಕೂ ದೂರ ಹೋಗಬೇಡಿ. ಮಡಿಕೆಯಲ್ಲಿ ಹರಿದ ಹಳೇ ಮೊಳಕಾಲ್ಮೂರು ಸೀರೆ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತೆ. ಅದರ ಅಂಚು, ಸೆರಗು ಬಿಡಿಸಿ ನಡುಮನೆ ಬಾಗಿಲಿಗೆ ಪರದೆ ಹೊಲಿಸಿ. ಹೊಂಬಣ್ಣದ ಬೆಳಕಲ್ಲಿ ಜರಿ ಮಿನುಗೋದನ್ನ ನೀವೇ ನೋಡಿ. ಚಳ್ಳಕೆರೆ ಕಡೆಯ ಕರೀ ಕಂಬಳಿಯನ್ನ ಮಂಚದ ಮೇಲೆ ಹಾಸಿ. ಕಂಬಳಿ ಹಾಸಿ ಕೂರಿಸೋದು ನಮ್ಮಲ್ಲಿ ಮರ್ಯಾದೆಯ ಲಕ್ಷಣ. ಗೋಡೆ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಬಾಗಿಲಿಗೆ ಮಾವಿನ ತೋರಣ, ಹೊಸ್ತಿಲಿಗೆ ಎರಡೆಳೆ ರಂಗೋಲಿ. ಒಂದು ಗೋಡೆಗೆ ಒಂದೇ ಪಟ, ಮಿಕ್ಕದ್ದು ಖಾಲಿ ಇರಲಿ. ಆದರೆ ಎಣ್ಣೆ ದೀಪವನ್ನ ಪರದೆಯಿಂದ, ಕಂಬಳಿಯಿಂದ ದೂರ ಇಡಿ. ಮಲಗೋ ಮುಂಚೆ ಶಾಂತ ಮಾಡಿ.

ಇಷ್ಟೆಲ್ಲ ಮೊದಲು ಯಾರಿಗೋಸ್ಕರ ಅಂತ ಯೋಚಿಸಿದಾಗ ಒಂದು ಹಳೇ ಮಾತು ನೆನಪಾಗುತ್ತೆ. ನಮ್ಮ ಜಟಿಂಗ ಬೆಟ್ಟದ ಬಂಡೆ ಮೇಲೆ ಅಶೋಕನ ಶಾಸನ ಇರೋದು ನಿಮಗೂ ಗೊತ್ತು. ಬ್ರಹ್ಮಗಿರಿ, ಸಿದ್ದಾಪುರದಲ್ಲೂ ಇವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಈ ಮೂರನ್ನೂ ಗುರುತಿಸಿದರು. ಜಟಿಂಗದ್ದು ಬಹಳ ಸವೆದಿದೆ, ಬ್ರಹ್ಮಗಿರಿಯದನ್ನ ಚೆನ್ನಾಗಿ ಓದಿದ್ದಾರೆ. ತಂದೆತಾಯಿ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನ ಗೌರವಿಸಬೇಕು, ನೆಂಟರ ಜೊತೆ ಸರಿಯಾಗಿ ನಡ್ಕೋಬೇಕು ಅನ್ನೋದು ಅದರ ಸಾರ. ಚಕ್ರವರ್ತಿ ಕಲ್ಲಲ್ಲಿ ಬರೆಸಿದ ಮಾತಲ್ಲಿ ಮನೆಯ ಹಿರಿಯರು ಮೊದಲು ಬಂದರು, ನೆಂಟರು ಆಮೇಲೆ. ಬೆಳಕಿನ ವಿಷಯದಲ್ಲೂ ನನಗೆ ಅದೇ ಸರಿ ಅನ್ನಿಸುತ್ತೆ.

ಅದಕ್ಕೇ ಅಕ್ಕ, ಬೀಗರು ಬರೋ ದಿನಕ್ಕೆ ಅಂತ ಕಾಯಬೇಡಿ. ಇವತ್ತು ಮುಸ್ಸಂಜೆಯಿಂದಲೇ ಬಾಗಿಲ ಹತ್ತಿರ ಒಂದು ದೀಪ ಹಚ್ಚಿ. ಹೊಲದಿಂದ, ಮಗ್ಗದಿಂದ, ಎಣ್ಣೆ ಗಿರಣಿಯಿಂದ ದಣಿದು ಬರೋ ನಮ್ಮ ಮನೆಯವರಿಗೇ ಮೊದಲು ಅದು ಸಲ್ಲಲಿ. ಅವರಿಗೆ ಹಿತವಾದ ಮನೆ ಬೀಗರಿಗೂ ಹಿತವಾಗೇ ಇರುತ್ತೆ.